ಯಲ್ಲಪ್ಪಣ್ಣನ ಎದೆಯ ಮೇಲಿನ ಹೆಸರು

ಐವತ್ತು ದಾಟುವವರೆಗೂ ನನಗೆ ಕಳ್ಳರ ಭಯ ಇರಲಿಲ್ಲ. ಬಂಗಾರಪೇಟೆಯ ನಮ್ಮ ಮನೆಯ ಗೇಟಿಗೆ ಚಿಲಕವಿದೆ, ಆದರೆ ಅದನ್ನು ಯಾರಾದರೂ ಹಾಕಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಿಗ್ಗೆ ಕೆಜಿಎಫ್‌ನ ಶಾಲೆಗೆ ಹೊರಡುವ ಆತುರದಲ್ಲಿ ಎಷ್ಟೋ ಸಲ ಬಾಗಿಲಿಗೆ ಬೀಗ ಹಾಕುವುದನ್ನೇ ಮರೆತಿದ್ದೇನೆ. ಸಂಜೆ ಬಂದು ನೋಡಿದರೆ ಎಲ್ಲವೂ ಇಟ್ಟಲ್ಲೇ ಇರುತ್ತದೆ, ತೊಳೆಯದೆ ಬಿಟ್ಟ ಪಾತ್ರೆಗಳೂ ಸೇರಿ. ಇಂಥ ನಾನು, ನಾಲ್ಕು ಜನ ನೋಡಲೆಂದು ಹಕ್ಕಿಗಳ ಫೋಟೋಗಳನ್ನು ಜಾಲತಾಣಕ್ಕೆ ಹಾಕಲು ಶುರು ಮಾಡಿದ ಮೇಲೆ, ಊರಿಗೇ ದೊಡ್ಡ ಸಾಹುಕಾರಳಂತೆ ಕಳ್ಳರಿಗೆ ಹೆದರತೊಡಗಿದೆ. ಬೆಳಿಗ್ಗೆ ಎದ್ದವಳು ಕಾಫಿಗೆ ಹಾಲಿಡುವ ಮೊದಲು ನನ್ನ ಕೊಕ್ಕರೆಗಳು ಯಾರ ಪುಟದಲ್ಲಾದರೂ ಹೋಗಿ ಕುಳಿತಿವೆಯೇ ಎಂದು ಮೊಬೈಲಿನಲ್ಲಿ ಹುಡುಕುವುದು ಅಭ್ಯಾಸವಾಯಿತು. ಹಾಲು ಉಕ್ಕಿದ್ದೂ ಉಂಟು.

ನಿಜ ಹೇಳಬೇಕೆಂದರೆ ಕ್ಯಾಮೆರಾವೇ ನನ್ನದಲ್ಲ, ತಮ್ಮನದು. ಅವನು ಹೊಸದು ಕೊಂಡಾಗ ಹಳೆಯದನ್ನು ನಮ್ಮ ಅಟ್ಟದ ಮೇಲೆ ಇಟ್ಟು ಮರೆತಿದ್ದ. ಒಂದು ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸುವಾಗ ಕೈಗೆ ಸಿಕ್ಕಿತು. ಇಪ್ಪತ್ತೇಳು ವರ್ಷ ಮಕ್ಕಳಿಗೆ ಗಣಿತ ಹೇಳಿದವಳಿಗೆ, ಉತ್ತರ ಮೊದಲೇ ಗೊತ್ತಿಲ್ಲದ ಒಂದು ಕೆಲಸ ಬೇಕಾಗಿತ್ತೋ ಏನೋ, ಅದನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಭಾನುವಾರಗಳಂದು ಬೇತಮಂಗಲದ ಬಸ್ಸು ಹತ್ತತೊಡಗಿದೆ. ಅಲ್ಲಿನ ಕೆರೆಗೆ ಚಳಿಗಾಲದಲ್ಲಿ ತರಹೇವಾರಿ ಹಕ್ಕಿಗಳು ಬರುತ್ತವೆ. ಮೊದಲ ಆರು ತಿಂಗಳು ನಾನು ತೆಗೆದ ಫೋಟೋಗಳಲ್ಲಿ ಹೆಚ್ಚಾಗಿ ಇದ್ದದ್ದು, ಹಕ್ಕಿ ಆಗಷ್ಟೇ ಬಿಟ್ಟು ಹೋದ ಕೊಂಬೆ.

ಯಲ್ಲಪ್ಪಣ್ಣ ಸಿಕ್ಕಿದ್ದು ಆ ಕೆರೆಯ ಏರಿಯ ಮೇಲೆ. ಎಪ್ಪತ್ತರ ಆಸುಪಾಸಿನ ಮನುಷ್ಯ, ಹೆಗಲ ಮೇಲೊಂದು ಟವೆಲು, ಕೈಯಲ್ಲಿ ಕೋಲು, ಮುಂದೆ ಐದು ಕುರಿ. ವಯಸ್ಸಿನಲ್ಲಿ ಕೂಲಿಗೆಂದು ಗಡಿಯಾಚೆ ಆಂಧ್ರದ ಕಡೆಯೆಲ್ಲ ಓಡಾಡಿ ಬಂದವನು. ಮನುಷ್ಯರ ಜೊತೆ ಕನ್ನಡದಲ್ಲಿ, ಕುರಿಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದ. ಮೊದಲ ದಿನವೇ ದೂರದಿಂದ ಕೂಗಿ, "ಟೀಚ್ರಮ್ಮ, ಆ ಕಡೆ ಅಕ್ಕಿ ಬಂದೈತೆ, ಬೇಗ ಓಗು" ಅಂದ. ಪಡಿತರದ ಅಕ್ಕಿ ಬಂದರೆ ನಾನೇಕೆ ಓಡಬೇಕು ಎಂದು ನಿಂತೇ ಇದ್ದೆ. ಅವನು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿದು ತೋರಿಸಿದ ಮೇಲೆಯೇ ಇದು ಹಕಾರ ಕಳೆದುಕೊಂಡ ಹಕ್ಕಿ ಎಂದು ತಿಳಿದದ್ದು. ಈ ಸೀಮೆಯಲ್ಲೇ ಹುಟ್ಟಿ ಬೆಳೆದ ನನ್ನ ಕಿವಿಗೆ ಶಾಲೆಯ ಕನ್ನಡ ಎಷ್ಟು ಮೆತ್ತಿಕೊಂಡಿತ್ತು ಎಂದು ನಾಚಿಕೆಯಾಯಿತು. ನಾನು ಟೀಚರ್ ಎಂದು ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದೆ. ಛತ್ರಿ ಹಿಡಿದು ನಿಂತ ರೀತಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ ಅಂದ.

ಅಂದಿನಿಂದ ಅವನು ನನಗೆ ಗುರು. ಯಾವ ಹಕ್ಕಿ ಯಾವ ಹೊತ್ತಿಗೆ ನೀರಿಗಿಳಿಯುತ್ತದೆ, ಕುರಿಗಳ ನಡುವೆ ಬಗ್ಗಿ ನಡೆದರೆ ಕೊಕ್ಕರೆ ಹೇಗೆ ಹೆದರುವುದಿಲ್ಲ ಎಂಬುದನ್ನೆಲ್ಲ ಹೇಳಿಕೊಟ್ಟ. ಒಂದು ಭಾನುವಾರ, ತನ್ನ ಮನೆಯ ಹಿಂದಿನ ಬಾವಿಯ ಮೇಲೆ ಬಾಗಿದ ಜಾಲಿ ಮರದಲ್ಲಿ ಗೀಜಗನ ಗೂಡುಗಳಿವೆ ಎಂದು ಕರೆದುಕೊಂಡು ಹೋದ. ಕ್ಯಾಸಂಬಳ್ಳಿಯ ದಾರಿಯಲ್ಲಿ ಒಂದು ಸಣ್ಣ ಹಳ್ಳಿ ಅದು. ಅವನ ಹೆಂಡತಿ ಪಾಪಮ್ಮ ಒಳಗೆ ಏನೋ ಕೆಲಸದಲ್ಲಿದ್ದಳು. ಗೂಡುಗಳ ಫೋಟೋ ತೆಗೆದು ಹೊರಡುವಾಗ ಯಲ್ಲಪ್ಪಣ್ಣ ಬಾಗಿಲ ಬಳಿ ನಿಂತು, "ಅಕ್ಕಿಗಳ್ದೆಲ್ಲ ಪಟ ಇಡೀತೀಯ, ನಂದೂ ಒಂದು ಇಡಿ" ಅಂದ. ಹಿಡಿದೆ. ಎರಡು ಮೂರು ಸಲ ಮರದ ಕೊರಡಿನಂತೆ ನಿಂತ. ನಾಲ್ಕನೆಯದಕ್ಕೆ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿತು, ತುಟಿ ಬಿಗಿದುಕೊಂಡಿತು, ಕಣ್ಣು ಮಾತ್ರ ನಕ್ಕುಬಿಟ್ಟಿತು. ಬೆಳಗಿನ ಬಿಸಿಲು ನೆರೆತ ಗಡ್ಡದ ಮೇಲೆ ಬಿದ್ದಿತ್ತು. ಅದುವರೆಗೆ ನಾನು ತೆಗೆದ ಫೋಟೋಗಳಲ್ಲಿ ಅಂಥದು ಇನ್ನೊಂದಿರಲಿಲ್ಲ. ಪಾಪಮ್ಮ ಹೊರಬಂದು ಟೀ ಕೊಟ್ಟಳು. ನನ್ನ ಹೆಸರೇನೆಂದು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಹೊತ್ತಿಗಾಗಲೇ ನನ್ನ ಮೊದಲ ಕಳವು ನಡೆದು ಹೋಗಿತ್ತು. ಒಂದು ಬೆಳಿಗ್ಗೆ ನನ್ನ ನಾದಿನಿ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಶುಭೋದಯದ ಸಂದೇಶವೊಂದನ್ನು ಕಳಿಸಿದರು. ಮೂರು ಗುಲಾಬಿ, ಒಂದು ಹಿತವಚನ, ನಡುವೆ ನನ್ನ ಬಣ್ಣದ ಕೊಕ್ಕರೆ. ಅದಕ್ಕಾಗಿ ಒಂದು ಗಂಟೆ ಕೆಸರಿನಲ್ಲಿ ಕುಳಿತಿದ್ದೆ, ನನಗೆ ಗೊತ್ತಾಗದೆ ಇರುತ್ತದೆಯೇ? ಕೆಳಗಿನ ಮೂಲೆಯಲ್ಲಿ ನಾನು ಸಣ್ಣದಾಗಿ ಬರೆದಿದ್ದ ಹೆಸರನ್ನು ಯಾರೋ ನೀಟಾಗಿ ಕತ್ತರಿಸಿ, ಅಲ್ಲಿ ತಮ್ಮ ಪುಟದ ಹೆಸರು ಹಾಕಿಕೊಂಡಿದ್ದರು. ಕತ್ತರಿಸುವ ಭರದಲ್ಲಿ ಕೊಕ್ಕರೆಯ ಒಂದು ಕಾಲೂ ಹೋಗಿತ್ತು. ನಾನು ಕೂಗಾಡಿದೆ. ರೈಲ್ವೆಯಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಯಾವುದಕ್ಕೂ ಗಾಬರಿಯಾಗದ ಮನುಷ್ಯ. ಅವರು ಸಂದೇಶವನ್ನು ಪೂರ್ತಿ ಓದಿ, ಒಳ್ಳೆಯ ದಿನವಾಗಲಿ ಎಂದು ತಾನೆ ಹೇಳಿದ್ದಾರೆ ಅಂದರು. ಅಂದು ನನಗೆ ಒಳ್ಳೆಯ ದಿನವಾಗಲಿಲ್ಲ.

ಮಾರನೆಯ ದಿನ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿಯ ಹತ್ತಿರ ಹೋಗಿ ಪಾಠ ಹೇಳಿಸಿಕೊಂಡೆ. ದೊಡ್ಡ ಅಳತೆಯ ಅಸಲು ಫೋಟೋವನ್ನು ಯಾರಿಗೂ ಕೊಡಬಾರದು, ಕುಗ್ಗಿಸಿ ಚಿಕ್ಕದು ಮಾಡಿದ್ದನ್ನಷ್ಟೇ ಹಾಕಬೇಕು, ಆಗ ಕದ್ದವರು ಮುದ್ರಿಸಲು ಹೋದರೆ ಮಸುಕಾಗುತ್ತದೆ. ಎಲ್ಲಿ ತೆಗೆದದ್ದು ಎಂಬ ಮಾಹಿತಿ ಫೋಟೋದೊಳಗೇ ಅಡಗಿರುತ್ತದೆ, ಅದನ್ನು ಅಳಿಸಿಬಿಡಬೇಕು, ಇಲ್ಲದಿದ್ದರೆ ಗೂಡಿನ ಜಾಗ ಬೇಡದವರಿಗೂ ತಿಳಿಯುತ್ತದೆ. ಹೆಸರನ್ನು ಮೂಲೆಯಲ್ಲಿ ಹಾಕಬಾರದು, ನಟ್ಟನಡುವೆ, ಕತ್ತರಿಸಲು ಹೋದರೆ ಫೋಟೋವೇ ಹಾಳಾಗುವಂಥ ಜಾಗದಲ್ಲಿ ಹಾಕಬೇಕು. ಇದಕ್ಕೆ ವಾಟರ್‌ಮಾರ್ಕ್ ಅನ್ನುತ್ತಾರಂತೆ. ನಾನು ಮೂರನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡು ಚಾಚೂ ತಪ್ಪದೆ ಮಾಡಿದೆ. ಕೊಕ್ಕರೆಯ ಹೊಟ್ಟೆಯ ಮೇಲೆ ಪ್ರಮೀಳಾ. ಮಿಂಚುಳ್ಳಿಯ ಮೈಮೇಲೆ ಪ್ರಮೀಳಾ. ಗೀಜಗನ ಗೂಡಿಗೆ ಅಡ್ಡಲಾಗಿ ಪ್ರಮೀಳಾ, ಮನೆಯ ನಾಮಫಲಕದ ಹಾಗೆ. ಮಿಂಚುಳ್ಳಿಯನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲ, ಕನ್ನಡದಲ್ಲಿ ಪ್ರಮೀಳಾ ಎನ್ನುತ್ತಾರೆ ಎಂದು ಈಗ ತಿಳಿಯಿತು ಅಂದರು ನಮ್ಮ ಮನೆಯವರು.

ಹೆಸರು ಹಾಕುವ ಚಟ ನನ್ನೊಬ್ಬಳದೇ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ವಚನಕಾರರು ಪ್ರತಿ ವಚನಕ್ಕೂ ಅಂಕಿತ ಹಾಕಿದರು, ದಾಸರೂ ಹಾಕಿದರು. ಅದನ್ನು ಕಿತ್ತು ತೆಗೆದರೆ ಪದವೇ ಕುಂಟುತ್ತದೆ, ಅಷ್ಟು ಚೆನ್ನಾಗಿ ನೇಯ್ದಿದ್ದಾರೆ. ಶಾಸನ ಕೊರೆಸಿದ ಅರಸರಂತೂ ಇನ್ನೂ ಮುಂದೆ ಹೋಗಿ, ಇದನ್ನು ಅಳಿಸಿದವರಿಗೆ ಇಂಥಿಂಥ ಪಾಪ ತಗಲಲಿ ಎಂದು ಕಲ್ಲಿನ ಕೊನೆಯಲ್ಲೇ ಶಾಪ ಬರೆಸಿದರು. ಕೊಕ್ಕರೆಯ ಕೆಳಗೆ ಅಂಥದೊಂದು ಶಾಪ ಬರೆದರೆ ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದೆ. ಕನ್ನಡ ಪಾಠ ಮಾಡುವ ಮೇಷ್ಟ್ರು ಉತ್ತರ ಪತ್ರಿಕೆಯಿಂದ ತಲೆ ಎತ್ತದೆ, ಅಂಕಿತದಲ್ಲಿ ಅವರು ಹಾಕಿದ್ದು ದೇವರ ಹೆಸರು, ತಮ್ಮದಲ್ಲ ಎಂದರು. ಆ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಯಲ್ಲಪ್ಪಣ್ಣನ ಫೋಟೋವನ್ನೂ ಹೀಗೆಯೇ ಕುಗ್ಗಿಸಿ, ಎದೆಗೆ ಅಡ್ಡಲಾಗಿ ನನ್ನ ಹೆಸರು ಬರೆದು ಹಾಕಿದೆ. ‘ಸಂಕೋಚ’ ಎಂದು ತಲೆಬರಹ ಕೊಟ್ಟೆ. ಜನ ಮೆಚ್ಚಿದರು. ಹಳ್ಳಿಗನ ಸಂಕೋಚವನ್ನು ಎಷ್ಟು ಸಹಜವಾಗಿ ಹಿಡಿದಿದ್ದೀರಿ ಎಂದು ಯಾರೋ ಬರೆದರು. ನಾನು ಬೆಳಕು, ಕೋನ, ತಾಳ್ಮೆ ಎಂದೆಲ್ಲ ಅವರಿಗೆ ಉದ್ದದ ಉತ್ತರ ಕೊಟ್ಟೆ. ಮುಂದಿನ ಭಾನುವಾರ ಏರಿಯ ಮೇಲೆ ಮೊಬೈಲಿನಲ್ಲಿ ಅವನಿಗೂ ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಎದೆಯ ಮೇಲೆ ಏನು ಬರೆದಿದೆ ಎಂದು ಕೇಳಿದ. ನನ್ನ ಹೆಸರು, ಕಳ್ಳರು ತಗೊಂಡು ಹೋಗದೆ ಇರಲಿ ಎಂದು, ಅಂದೆ. ಬಹಳ ಹೊತ್ತು ನೋಡಿ, "ನನ್ನ ಕದ್ಕಂಡೋಗಿ ಯಾರೇನು ಮಾಡ್ತಾರಮ್ಮ" ಅಂದ.

ಆಮೇಲೆ ಪರೀಕ್ಷೆಗಳು ಬಂದವು, ಮೌಲ್ಯಮಾಪನ ಬಂತು. ಎರಡು ತಿಂಗಳು ನನಗೆ ಕೆರೆಯ ಕಡೆಗೆ ಹೋಗಲಾಗಲಿಲ್ಲ. ಬಿಡುವು ಸಿಕ್ಕ ಮೊದಲ ಭಾನುವಾರ ಯಲ್ಲಪ್ಪಣ್ಣನ ಹಳ್ಳಿಯ ಹತ್ತಿರವೇ ಬಸ್ಸಿಳಿದೆ, ಗೀಜಗನ ಮರಿಗಳು ಹೊರಬಂದಿರಬಹುದೆಂದು. ಇಳಿದವಳಿಗೆ ಎದುರಿನ ಅರಳಿಕಟ್ಟೆಯ ಪಕ್ಕ ಕಟ್ಟಿದ್ದ ದೊಡ್ಡ ಫ್ಲೆಕ್ಸಿನ ಮೇಲೆ ನನ್ನ ಹೆಸರು ಕಂಡಿತು. ಪ್ರಮೀಳಾ. ಒಂದೊಂದು ಅಕ್ಷರ ಮೊಳದುದ್ದ. ನನ್ನ ಫೋಟೋ ಕದ್ದಿದ್ದಾರೆ ಎಂದು ರಕ್ತ ತಲೆಗೇರಿತು. ಅದರ ಹಿಂದೆಯೇ, ಕತ್ತರಿಸಲು ಅವರಿಗೆ ಆಗಿಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ಮುಖ ನೋಡಿದ್ದು ಆಮೇಲೆ. ಅದರ ಮೇಲಿದ್ದ ‘ಮತ್ತೆ ಹುಟ್ಟಿ ಬನ್ನಿ’ ಎಂಬುದನ್ನು ಓದಿದ್ದು ಇನ್ನೂ ಆಮೇಲೆ. ಈ ಅನುಕ್ರಮವನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಸ್ನೇಹಿತ ತೀರಿಕೊಂಡದ್ದು ನನಗೆ ಮೂರನೆಯದಾಗಿ ತಿಳಿಯಿತು.

ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರೂ ಆ ಕಡೆಯೇ ನೋಡುತ್ತಿದ್ದರು. ಅವನಿಗೆ ಏನಾಯಿತು ಎಂದು ಕೇಳಿದೆ. ನಿದ್ದೆಯಲ್ಲೇ ಹೋದನಂತೆ, ಒಂಬತ್ತು ದಿನವಾಯಿತು, ನಾಳಿದ್ದು ತಿಥಿ. ಇಷ್ಟು ಹೇಳಿದ ಮೇಲೆ ಅವರಲ್ಲಿ ಹಿರಿಯಳು ದನಿ ತಗ್ಗಿಸಿ ತೆಲುಗಿನಲ್ಲಿ, "ಎವರೋ ಪ್ರಮೀಳ ಅಂಟ" ಅಂದಳು. ಯಾರೋ ಪ್ರಮೀಳ ಅಂತೆ. ಇನ್ನೊಬ್ಬಳು ಮಿಕ್ಕದ್ದನ್ನು ಕನ್ನಡದಲ್ಲಿ ವಿವರಿಸಿದಳು. ವಯಸ್ಸಿನಲ್ಲಿ ಕೂಲಿಗೆ ಹೋದಾಗ ಗಡಿಯಾಚೆ ಯಾವಳೋ ಇದ್ದಳಂತೆ, ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದನಂತೆ, ಫೋಟೋದಲ್ಲಿ ಅಂಗಿಯ ಮೇಲೆ ಹೇಗೆ ಬಂತೋ ದೇವರೇ ಬಲ್ಲ. ನಾಚಿಕೆಗೆ ಇಳಿದು ನಾಪತ್ತೆಯಾಗೋಣವೆಂದರೆ, ಕೆಜಿಎಫ್‌ನಲ್ಲಿರುವಂತೆ ಅಲ್ಲಿ ಹತ್ತಿರ ಯಾವ ಗಣಿಯ ಬಾಯಿಯೂ ಇರಲಿಲ್ಲ. ನಾನು ಕ್ಯಾಮೆರಾವನ್ನು ಸೆರಗಿನೊಳಗೆ ಮುಚ್ಚಿಕೊಂಡು ಯಲ್ಲಪ್ಪಣ್ಣನ ಮನೆಯ ದಾರಿ ಹಿಡಿದೆ.

ಜಗಲಿಯಲ್ಲಿ ಅವನ ಮಗಳು ಮಂಜುಳ ಇದ್ದಳು, ಗಂಡನ ಮನೆಯಿಂದ ಬಂದಿದ್ದಳು. ಅವಳು ನನ್ನನ್ನು ನೋಡಿದ್ದು ಅದೇ ಮೊದಲು. ಹಕ್ಕಿಗಳಿಂದಾಗಿ ಅಪ್ಪನಿಗೆ ಪರಿಚಯವಾದ ಟೀಚರ್ ಎಂದು ತಿಳಿದು ಚಾಪೆ ಹಾಸಿದಳು, ಹಾಸುತ್ತಲೇ ಅತ್ತಳು. ಸಾವಿಗಿಂತ ಹೆಚ್ಚಾಗಿ ಆ ಫ್ಲೆಕ್ಸು ಅವಳನ್ನು ಸುಡುತ್ತಿತ್ತು. ಮನೆಯಲ್ಲಿ ಅಪ್ಪನ ಒಂದು ಫೋಟೋವೂ ಇರಲಿಲ್ಲವಂತೆ. ಮತದಾರರ ಚೀಟಿಯಲ್ಲಿದ್ದದ್ದನ್ನು ನೋಡಿದರೆ ಯಾರೋ ಪಕ್ಕದ ಊರಿನವನಂತೆ ಕಾಣುತ್ತಿದ್ದ. ದಾಯಾದಿಗಳಲ್ಲಿ ಯಾರೋ, ಕೈಯಿಂದ ಕೈಗೆ ದಾಟಿ ತಮ್ಮ ಮೊಬೈಲಿಗೆ ಬಂದಿದ್ದ ಈ ಫೋಟೋ ಹುಡುಕಿ ತೆಗೆದರು, ಎಲ್ಲಿಂದ ಬಂತೆಂದು ಅವರಿಗೂ ಗೊತ್ತಿಲ್ಲ. ಫ್ಲೆಕ್ಸ್ ಅಂಗಡಿಯವನು ಹೆಸರು ಅಳಿಸಲು ಹೋದಾಗ ಅಂಗಿಯ ಕಾಲರೂ ಗಲ್ಲವೂ ಅಳಿಸಿಕೊಂಡು ಹೋದವು, ಹೆಸರನ್ನು ಹಾಗೆಯೇ ಬಿಟ್ಟ. ದೊಡ್ಡದು ಮಾಡಿದಾಗ ಮುಖವೆಲ್ಲ ಚೌಕ ಚೌಕವಾಯಿತು. ಅಪ್ಪನ ಕಣ್ಣೇ ಕಾಣುವುದಿಲ್ಲ, ಆ ಪ್ರಮೀಳಾ ಮಾತ್ರ ಚೆನ್ನಾಗಿ ಕಾಣುತ್ತಾಳೆ ಎಂದು ಮಂಜುಳ ಹೇಳಿದಳು. ಅವಳ ಅತ್ತೆ ಮನೆಯವರು ಬಂದು ನೋಡಿ ಏನೂ ಕೇಳದೆ ಹೋದರಂತೆ, ಕೇಳಿದ್ದರೆ ವಾಸಿಯಾಗಿತ್ತು. ಕಿತ್ತುಹಾಕೋಣ ಎಂದರೆ ಅಮ್ಮ ಬಿಡುತ್ತಿಲ್ಲ.

ಪಾಪಮ್ಮ ಒಳಗಿನ ಗೋಡೆಗೆ ಒರಗಿ ಕುಳಿತಿದ್ದಳು. ಮಗಳ ಮಾತು ಕೇಳಿಸಿಕೊಂಡು ಅಲ್ಲಿಂದಲೇ ಅಂದಳು: "ಜನ ಏನಾದ್ರೂ ಅಂದ್ಕಳ್ಳಿ. ಅದನ್ನ ತೆಗೆದ್ರೆ ಅವನ ಮೊಕ ಎಲ್ಲಿ ನೋಡ್ಲಿ?"

ನನ್ನ ಮೂರು ಬಂದೋಬಸ್ತುಗಳೂ ಹೀಗೆ ಒಂದೂ ಸೋಲದೆ ಕೆಲಸ ಮಾಡಿದ್ದವು. ಮುದ್ರಿಸಿದರೆ ಮಸುಕಾಗಬೇಕು, ಆಗಿತ್ತು. ಹೆಸರನ್ನು ಕಿತ್ತರೆ ಫೋಟೋ ಹಾಳಾಗಬೇಕು, ಆಗಿತ್ತು. ಎಲ್ಲಿಯದೆಂದು ಯಾರಿಗೂ ತಿಳಿಯಬಾರದು, ತಿಳಿದಿರಲಿಲ್ಲ. ಅಸಲು ಫೋಟೋ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಬೇತಮಂಗಲದಿಂದ ಒಂದು ಬಸ್ಸಿನ ದೂರದಲ್ಲಿ ಭದ್ರವಾಗಿತ್ತು, ಮತ್ತು ಇಲ್ಲೊಬ್ಬಳು ಹೆಂಗಸು ಊರಿನ ಮಾತನ್ನೆಲ್ಲ ಸಹಿಸಿಕೊಂಡು ಚೌಕ ಚೌಕದ ಮುಖವನ್ನು ಕಾಯುತ್ತಿದ್ದಳು.

ಅವಳ ಎದುರು ಹೋಗಿ ಕುಳಿತೆ. "ಪಾಪಮ್ಮಕ್ಕ, ಪ್ರಮೀಳಾ ಅಂದ್ರೆ ನಾನೇ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನಿಧಾನವಾಗಿ, "ನಿಂಗೂ ಎಸರೈತಾ? ನಾನು ಟೀಚ್ರಮ್ಮ ಅಂತಲೇ ಅಂದ್ಕಂಡಿದ್ದೆ" ಅಂದಳು.

ನಾನು ಎಲ್ಲವನ್ನೂ ಹೇಳಿದೆ. ಕೊಕ್ಕರೆಯ ಕಾಲು ಹೋದದ್ದು, ಕಳ್ಳರು, ಹೆಸರು, ಅಸಲು, ನಕಲು. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕೇಳುತ್ತ ಕೇಳುತ್ತ ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಮಂಜುಳ ಓಡಿ ಬಂದಳು. ಪಾಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಗು ತಡೆದುಕೊಂಡು ಕಣ್ಣೊರೆಸಿಕೊಂಡು ಹೇಳಿದಳು: "ಆರು ದಿನದಿಂದ ದಿನಾ ಕಟ್ಟೆ ತಾವ ಓಗಿ ಅವನ್ನ ಬೈತಾ ಇದೀನಿ ಕಣಮ್ಮ. ಪಾಪ, ನಂಗೇನೂ ಗೊತ್ತಿಲ್ಲ ಅಂತ ಬಾಯ್ಬಿಟ್ಟು ಏಳೋಕೂ ಆಗ್ದೆ ನಿಂತವ್ನೆ." ಇಷ್ಟು ಹೇಳಿ ಆಮೇಲೆ ನಿಜವಾಗಿ ಅತ್ತಳು. ಒಂಬತ್ತು ದಿನದಲ್ಲಿ ಅಮ್ಮ ಅತ್ತದ್ದು ಅದೇ ಮೊದಲು ಎಂದು ಮಂಜುಳ ನನಗೆ ಬಾಗಿಲ ಬಳಿ ಹೇಳಿದಳು.

ಮಾರನೆಯ ದಿನ ಶಾಲೆ ಮುಗಿಸಿ ಬಂದವಳು, ಪೆನ್ ಡ್ರೈವ್ ಹಿಡಿದು ಬಂಗಾರಪೇಟೆಯ ಬಜಾರಿನಲ್ಲಿರುವ ಫ್ಲೆಕ್ಸ್ ಅಂಗಡಿಗೆ ಹೋದೆ. ಅಂಗಡಿಯವನು ಫೋಟೋ ತೆರೆದು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಗಡ್ಡದ ಒಂದೊಂದು ಕೂದಲು, ಕಣ್ಣಿನ ಪಕ್ಕದ ಗೆರೆಗಳು, ಅಂಗಿಯ ಮೇಲಿನ ಗುಂಡಿಗೆ ಬೇರೆ ಬಣ್ಣದ ದಾರ, ಎಲ್ಲವೂ ಸ್ವಚ್ಛವಾಗಿ ಮೇಲೆದ್ದು ಬಂದವು. ಆ ದಾರವನ್ನು ನಾನೂ ಅದುವರೆಗೆ ನೋಡಿರಲಿಲ್ಲ. ಇಷ್ಟು ಒಳ್ಳೆಯ ಫೋಟೋಗೆ ನಿಮ್ಮ ಹೆಸರು ಹಾಕದೆ ಬಿಟ್ಟರೆ ಯಾರಾದರೂ ಎತ್ತಿಕೊಳ್ಳುತ್ತಾರೆ ಮೇಡಂ ಎಂದು ಅವನು ಕಾಳಜಿಯಿಂದ ಎಚ್ಚರಿಸಿದ. ಯಾವ ಹೆಸರು ಹಾಕಲಿ ಎಂದೂ ಕೇಳಿದ. ಯಲ್ಲಪ್ಪ ಅಂದೆ.

ತಿಥಿಯ ದಿನ ರಜೆ ಹಾಕಿ, ಹೊಸ ಫ್ಲೆಕ್ಸಿನ ಜೊತೆ ಕಟ್ಟು ಹಾಕಿಸಿದ ಒಂದು ಪಟವನ್ನೂ ತೆಗೆದುಕೊಂಡು ಹೋದೆ. ಕಟ್ಟೆಯ ಪಕ್ಕದ ಹಳೆಯ ಫ್ಲೆಕ್ಸ್ ಇಳಿದು ಹೊಸದು ಏರಿತು. ಬಂದವರೆಲ್ಲ ಅದರ ಮುಂದೆ ನಿಂತು ನೋಡುತ್ತಿದ್ದರು. ಪಟವನ್ನು ಎಡೆಯ ಮುಂದೆ ಇಡುವ ಮೊದಲು ಪಾಪಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಅವನ ಸಂಕೋಚ ಎಷ್ಟು ಚೆನ್ನಾಗಿ ಬಂದಿದೆ ಎಂದು ನಾನು ಹೇಳಬೇಕೆಂದಿದ್ದೆ, ಸದ್ಯ ಹೇಳಲಿಲ್ಲ.

"ಇದು ನನ್ನ ಕಡೆ ನೋಡ್ತಾ ಇರೋದು" ಅಂದಳು. "ನಾನು ಒಳಗಿಂದ ಬೈತಾ ಇದ್ದೆ. ಅಲ್ಲಿ ಕುರಿ ಗಿಡ ತಿಂತಾವೆ, ನೀನು ಮದ್ವೆಗಂಡಂಗೆ ಪಟ ಇಡಿಸ್ಕಂತಾ ನಿಂತಿದೀಯ ಅಂತ. ಬೈದ್ರೆ ಇಂಗೇ ನೋಡ್ತಿದ್ದ."

ಆಕೆ ಬೈದದ್ದು ಆಗ ನನ್ನ ಕಿವಿಗೂ ಬಿದ್ದಿರಬೇಕು. ನಾನು ಬೆಳಕನ್ನು ನೋಡುವುದರಲ್ಲಿದ್ದೆ. ಒಬ್ಬ ಮುದುಕ ತನ್ನ ಹೆಂಡತಿಗೆ ಕೊಟ್ಟ ನೋಟ ದಾರಿಯಲ್ಲಿ ನನ್ನ ಕ್ಯಾಮೆರಾಕ್ಕೆ ಸಿಕ್ಕಿಕೊಂಡಿತ್ತು. ಅದರ ಮೇಲೆ ನನ್ನ ಹೆಸರು ಬರೆದು, ಕಳ್ಳರಿಂದ ಕಾಪಾಡುತ್ತೇನೆಂದು ಇಷ್ಟು ದಿನ ನಾನೇ ಇಟ್ಟುಕೊಂಡಿದ್ದೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ಮಂಜುಳ ತನ್ನ ಮೊಬೈಲಿಗೆ ಅದನ್ನು ಕಳಿಸಿಕೊಡಿ ಎಂದು ಕೇಳಿದಳು. ಕುಗ್ಗಿಸದೆ ಕಳಿಸಿದೆ. ಅವಳ ಅತ್ತೆ ಮನೆಯವರೂ ಕೇಳಿದರು. ನಾನು ಬಸ್ಸು ಹತ್ತುವ ಹೊತ್ತಿಗೆ ಯಲ್ಲಪ್ಪಣ್ಣ ಊರಿನ ಅರ್ಧ ಜನರ ಮೊಬೈಲಿನಲ್ಲಿದ್ದ, ಪಕ್ಕಕ್ಕೆ ತಿರುಗಿ, ಬೈಸಿಕೊಳ್ಳುತ್ತ. ಹಕ್ಕಿಗಳ ವಿಷಯದಲ್ಲಿ ನಾನು ಈಗಲೂ ಜಾಗರೂಕಳೇ. ಗೂಡಿನ ಜಾಗ ಅಳಿಸುತ್ತೇನೆ, ಮೂಲೆಯಲ್ಲಿ ಹೆಸರು ಹಾಕುತ್ತೇನೆ, ಕತ್ತರಿಸಿದವರನ್ನು ಮನಸಾರೆ ಬೈಯುತ್ತೇನೆ. ಮನುಷ್ಯರ ಫೋಟೋ ತೆಗೆದರೆ ಮಾತ್ರ ಮೊದಲ ಪ್ರತಿ ಅವರ ಮನೆಗೆ ಹೋಗುತ್ತದೆ. ಜಾಲತಾಣಕ್ಕೆ ಹಾಕಲೇ ಎಂದು ಆಮೇಲೆ ಕೇಳುತ್ತೇನೆ. ಬೇಡ ಎಂದವರೂ ಇದ್ದಾರೆ.

ಮಳೆಗಾಲದಲ್ಲಿ ಒಂದು ದಿನ ಪಾಪಮ್ಮನನ್ನು ನೋಡಲು ಹೋದೆ. ಕುರಿಗಳನ್ನು ಈಗ ಆಕೆಯೇ ನೋಡಿಕೊಳ್ಳುತ್ತಾಳೆ, ತೆಲುಗಿನಲ್ಲಿ. ಮಾತಾಡುತ್ತಿರುವಾಗಲೇ ಹನಿ ಬಿತ್ತು. ಇಬ್ಬರೂ ಹಿತ್ತಲಿನ ಕುರಿದೊಡ್ಡಿಯ ಮಾಡಿನ ಕೆಳಗೆ ಓಡಿದೆವು. ತಲೆ ಎತ್ತಿದರೆ ಮೇಲೆ ಹಳೆಯ ಫ್ಲೆಕ್ಸು. ಬಿಸಿಲಿಗೆ ಬಣ್ಣ ಹೋಗಬಾರದೆಂದು ಮುಖವನ್ನು ಒಳಮೈ ಮಾಡಿ ಹೊದಿಸಿದ್ದಳು. ಕುರಿಗಳನ್ನು ಅವನೂ ನೋಡಿಕೊಂಡಿರಲಿ ಎಂದು ಆಕೆಯ ಲೆಕ್ಕ. ಎದೆಯ ಮೇಲೆ ಪ್ರಮೀಳಾ ಹಾಗೆಯೇ ಇತ್ತು.

"ಮಸಿ ಬಳ್ದು ಅಳಿಸ್ಬಿಡ್ಲಾ ನಿನ್ನೆಸ್ರು?" ಎಂದು ಕೇಳಿದಳು.

ಇರಲಿ ಬಿಡಿ ಅಂದೆ. ಮಳೆ ಜೋರಾಯಿತು. ಕುರಿಗಳು ನಮ್ಮ ಕಾಲಿಗೆ ಒತ್ತಿಕೊಂಡು ನಿಂತವು. ಒಂದು ಹನಿಯೂ ಒಳಗೆ ಬೀಳಲಿಲ್ಲ.